ವಾಲ್ವಿಗೆ ತುಟಿ ಇಟ್ಟ ಮರಿತಾಯಮ್ಮ

ಇದು ಶುರುವಾದದ್ದು ಎರಡು ವರ್ಷದ ಹಿಂದೆ, ಹೊಂಗೆ ಮರ ಎಲೆ ಉದುರಿಸಿ ತಳಿರು ಬಿಡುವ ಕಾಲದಲ್ಲಿ, ಬೆಳಿಗ್ಗೆ ಆರೂಕಾಲು ಗಂಟೆಗೆ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿ. ಗೂಡ್ಸ್ ರೈಲಿನ ಬ್ರೇಕ್ ವಾಲ್ವುಗಳನ್ನು ಪರೀಕ್ಷೆ ಮಾಡುವ ಬೆಂಚಿನ ಮುಂದೆ ಮರಿತಾಯಮ್ಮ ಕಣ್ಣು ಮುಚ್ಚಿಕೊಂಡು ನಿಂತಿದ್ದಾರೆ. ತುಟಿ ಮಾತ್ರ ಅಲ್ಲಾಡುತ್ತಿದೆ. ಮೂವತ್ತು, ಮೂವತ್ತೊಂದು, ಮೂವತ್ತೆರಡು.

ಬ್ರೇಕು ಹಿಡಿಯುವುದಕ್ಕಿಂತ ಬಿಡುವುದು ಕಷ್ಟದ ಕೆಲಸ. ಡ್ರೈವರ್ ಬ್ರೇಕ್ ಸಡಿಲಿಸಿದ ಮೇಲೆ, ಪ್ರತಿ ವ್ಯಾಗನ್ನಿನ ಅಡಿಯಲ್ಲಿ ಸಿಲಿಂಡರಿನೊಳಗೆ ಕೂತಿರುವ ಗಾಳಿ ವಾಲ್ವಿನ ಕೆಳಗಿನ ಸಣ್ಣ ತೂತಿನಿಂದ ಆಚೆ ಬರಬೇಕು. ನಲವತ್ತೈದು ಸೆಕೆಂಡಿಗೆ ಮೊದಲು ಖಾಲಿಯಾಗಬಾರದು, ಅರವತ್ತು ದಾಟಬಾರದು. ಮೀಟರ್ ಇದೆ, ಗಡಿಯಾರ ಇದೆ. ಆದರೂ ಮರಿತಾಯಮ್ಮ ಕಣ್ಣು ಮುಚ್ಚಿ ಕೇಳುತ್ತಾರೆ. ಆ ಬೆಳಿಗ್ಗೆ ಎಷ್ಟು ಎಣಿಸಿದರೂ 'ಸುಸ್' ಅನ್ನುವ ಸದ್ದೇ ಇಲ್ಲ.

"ಏನಮ್ಮಾ, ದ್ಯಾನಕ್ಕೆ ಕೂತ್ಬುಟ್ಯಾ? ಇನ್ನೂ ಅರವತ್ಮೂರು ಅವೆ," ಎಂದು ಸೂಪರ್‌ವೈಸರ್ ಹಿಂದಿನಿಂದ ಕೂಗುತ್ತಾನೆ.

"ಇದು ಉಸ್ರೇ ಬುಡ್ತಿಲ್ಲ ಸಾ," ಎಂದು ಮರಿತಾಯಮ್ಮ ವಾಲ್ವನ್ನು ಮಗುಚುತ್ತಾರೆ. ತೂತಿನ ತುಂಬ ಮಣ್ಣು. ಸೈಕಲ್ ಕಡ್ಡಿಯಿಂದ ಕೆದಕಿದರೆ ಉದುರಿದ್ದು ಗಟ್ಟಿ ಜೇಡಿ ಮತ್ತು ನಾಲ್ಕು ಹಸಿರು ಹುಳು. ಮನೆಯ ತೊಲೆಗೆ, ಕಿಟಕಿ ಮೂಲೆಗೆ ಮಣ್ಣಿನ ಗೂಡು ಮೆತ್ತುತ್ತದಲ್ಲ ಆ ಕಣಜ, ನಮ್ಮ ಕಡೆ ಕುಂಬಾರ ಹುಳು ಎನ್ನುತ್ತಾರೆ, ಅದು ಮರಿಗಳ ಮೇವಿಗೆ ಈ ಹಸಿರು ಹುಳು ಕೂಡಿಟ್ಟು ರೈಲಿನ ಬ್ರೇಕಿನೊಳಗೆ ಬಾಣಂತನ ಮಾಡಿಕೊಂಡಿತ್ತು. ಒಮ್ಮೆ ಪಾಸಾಗಿ, ಲಾರಿ ಬರಲಿಲ್ಲವೆಂದು ಗೋಡೆಯಿಲ್ಲದ ಶೆಡ್ಡಿನಲ್ಲಿ ಇಪ್ಪತ್ತು ದಿನ ಬಿದ್ದಿದ್ದ ಮಾಲು ಅದು. ಮತ್ತೊಮ್ಮೆ ನೋಡೋಣವೆಂದು ಮರಿತಾಯಮ್ಮನೇ ಬೆಂಚಿಗೆ ತಂದಿದ್ದರಿಂದ ಗೊತ್ತಾಯಿತು. ಆ ದಿನವೇ ಶೆಡ್ಡಿನಲ್ಲಿದ್ದ ಇನ್ನೂರ ಹತ್ತು ವಾಲ್ವನ್ನೂ ಮಗುಚಿ ನೋಡಿದರು. ಹತ್ತೊಂಬತ್ತರಲ್ಲಿ ಗೂಡು.

ಮರಿತಾಯಮ್ಮನಿಗೆ ಈಗ ನಲವತ್ತಾರು. ಹುಟ್ಟಿದ್ದು ಮೂಗೂರು, ಕೊಟ್ಟದ್ದು ತಿ. ನರಸೀಪುರಕ್ಕೆ. ಓದಿದ್ದು ಏಳನೆಯ ಕ್ಲಾಸು. ತಂದೆ ಸಣ್ಣಯ್ಯ ಕಂಡವರ ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದವರು. ಬಾವಿಗಿಳಿದು ಪೈಪಿನ ಅಡಿತುದಿಯ ಫುಟ್‌ವಾಲ್ವ್ ಬಿಚ್ಚಿ, ಸವೆದ ಚರ್ಮದ ಮುಚ್ಚಳ ಕಿತ್ತು ಹೊಸದು ಕತ್ತರಿಸಿ ಹಾಕುವಾಗ ಟಾರ್ಚ್ ಹಿಡಿಯುತ್ತಿದ್ದವರು ಈ ಮಗಳು. "ನೀರು ಮ್ಯಾಕ್ ಬರಂಗಿರ್ಬೇಕು, ಕೆಳೀಕ್ ಓಗ್ದಂಗಿರ್ಬೇಕು. ಅಷ್ಟೇ ಕಣಣ್ಣಯ್ಯ ವಾಲ್ವು ಅಂದ್ರೆ. ನಮ್ಮಪ್ಪ ಇಂಗ್ಲೀಸ್‌ನಾಗೆ ಯೋಳ್ನಿಲ್ಲ, ಇನ್ನೆಲ್ಲಾ ಯೋಳ್ದ," ಎನ್ನುತ್ತಾರೆ.

ಹನ್ನೊಂದು ವರ್ಷದಿಂದ ನಾಲ್ಕೂಮುಕ್ಕಾಲಿನ ಬಸ್ಸಿಗೆ ನರಸೀಪುರ ಬಿಡುತ್ತಾರೆ. ಆರಕ್ಕೆ ಬೆಂಚು. ದಿನಕ್ಕೆ ಅರವತ್ತನಾಲ್ಕು ವಾಲ್ವು, ಒಂದೊಂದಕ್ಕೆ ನಾಲ್ಕು ಪರೀಕ್ಷೆ. ಹನ್ನೊಂದು ವರ್ಷದಲ್ಲಿ ಅವರು ಪಾಸು ಮಾಡಿದ್ದು ಒಂದೂ ಸೋರಿ ವಾಪಸ್ಸು ಬಂದಿಲ್ಲ. ಆ ಗೇಟಿನಲ್ಲಿ ಹನ್ನೆರಡು ವರ್ಷ ಕಾವಲಿದ್ದವನಾಗಿ ಇದನ್ನು ಧೈರ್ಯವಾಗಿ ಬರೆಯುತ್ತೇನೆ. ಇಷ್ಟಾದರೂ ಅವರು ಇವತ್ತಿಗೂ ಕಂಟ್ರಾಕ್ಟ್ ಹೆಲ್ಪರ್. ಕಾಗದದಲ್ಲಿ ಅವರ ಕೆಲಸ 'ಸಾಮಾನು ಎತ್ತಿಕೊಡುವುದು.'

ಹುಳು ಕಂಡ ಮಾರನೆಯ ದಿನ ಮರಿತಾಯಮ್ಮ ಮನೆಯಿಂದ ಒಂದು ಚೀಲ ತೆಂಗಿನ ನಾರು ತಂದರು. ಬೇಸಾಯದ ಮನೆಗಳಲ್ಲಿ ಎಲ್ಲರೂ ಮಾಡುವುದೇ ಇದು. ಪಂಪು ನಿಲ್ಲಿಸಿದ ಮೇಲೆ ಪೈಪಿನ ಬಾಯಿಗೆ ಕಪ್ಪೆ, ಇಲಿ ನುಗ್ಗದಂತೆ ನಾರು ತುರುಕುತ್ತಾರೆ. ಬೆಳಿಗ್ಗೆ ಕಿತ್ತು ಎಸೆದು ಪಂಪು ಹಾಕುತ್ತಾರೆ. ಮರಿತಾಯಮ್ಮ ಹಾಗೆಯೇ ವಾಲ್ವಿನ ತೂತಿಗೆ ನಾರು ತುರುಕಿ, ಎರಡು ಬೆರಳು ಉದ್ದ ಬಾಲ ಹೊರಗೆ ಬಿಟ್ಟರು, ವ್ಯಾಗನ್ನಿಗೆ ಜೋಡಿಸುವವರು ನೋಡಿ ಎಳೆಯಲಿ ಎಂದು. ಸೂಪರ್‌ವೈಸರನಿಗೆ ಭಾರಿ ಖುಷಿ. ಪ್ಯಾಕಿಂಗಿನ ಎಲ್ಲ ಹೆಣ್ಣುಮಕ್ಕಳನ್ನೂ ನಿಲ್ಲಿಸಿ, "ನಾಳಿಂದ ಎಲ್ಲಾದ್ಕೂ ಇಂಗೇ ತುರುಕ್ಬೇಕು" ಎಂದು ಹೇಳಿದ. ಬಾಯಿಮಾತು. ಕಾಗದದಲ್ಲಿ ಒಂದಕ್ಷರ ಇಲ್ಲ. ದುಡ್ಡಿಲ್ಲದ ಉಪಾಯ ಸಿಕ್ಕಿತೆಂದು ಆಫೀಸಿನವರೂ ಸುಮ್ಮನಾದರು. ಶೆಡ್ಡಿಗೆ ಒಂದು ಸೊಳ್ಳೆಪರದೆ ಕಟ್ಟಿಸುವ ಯೋಚನೆ ಒಬ್ಬರಿಗೂ ಬರಲಿಲ್ಲ.

ನಾರಿನ ಬಗ್ಗೆ ಮೊದಲು ಹೆದರಿದವರೂ ಮರಿತಾಯಮ್ಮನೇ. "ಪಂಪು ನಮ್ದೇ, ನಾರು ನಮ್ದೇ, ಕೀಳೋರೂ ನಾವೇ. ಇದು ಎಲ್ಲೋ ಓಯ್ತದೆ, ಯಾರೋ ಕೀಳ್ಬೇಕು. ಬಾಲ ಕಿತ್ಕೊಂಡ್ ಒಳೀಕೇ ನಿಂತ್ಬುಟ್ರೆ? ಒಂದ್ ವಾರ ನಿದ್ದೆ ಬರ್ನಿಲ್ಲ ಅಣ್ಣಯ್ಯ." ತುರುಕುವುದೇ ಬೇಡದಂಥ ಬಾಯಿ ಮಾಡಬೇಕು ಎಂದು ಅವರು ಊಟದ ಬಿಡುವಿನಲ್ಲಿ ಕೂತರು. ಅಪ್ಪನ ಚರ್ಮದ ಮುಚ್ಚಳ ನೆನಪಿತ್ತು. ಗಾಳಿ ಒಳಗಿನಿಂದ ನೂಕಿದಾಗ ತೆರೆದು, ನಿಂತಾಗ ತಾನೇ ಮುಚ್ಚಿಕೊಳ್ಳಬೇಕು. ಸೈಕಲ್ ಟ್ಯೂಬಿನ ತುಂಡನ್ನು ಮಕ್ಕಳು ಊದುವ ತೆಂಗಿನ ಗರಿಯ ಪೀಪಿಯ ಹಾಗೆ ಚಪ್ಪಟೆ ಮಾಡಿ, ಎರಡು ತುಟಿ ಸೇರುವಂತೆ ಕತ್ತರಿಸಿ, ತೂತಿಗೆ ಸಿಕ್ಕಿಸಿದರು. ಗಾಳಿ ಬಿಟ್ಟ ಕೂಡಲೆ ಶೆಡ್ಡೆಲ್ಲ ಕೇಳುವಂತೆ ಪೀಪಿಯೇ ಊದಿತು.

ಪ್ಯಾಕಿಂಗಿನ ಇಂದ್ರಾಣಿ ಬಿದ್ದು ಬಿದ್ದು ನಕ್ಕಳು. "ಅಕ್ಕೋ, ನಿನ್ ವಾಲ್ವು ರೈಲಿಗ್ ಓಯ್ತದಾ, ಮದ್ವೇಲಿ ವಾಲಗ ಊದಕ್ ಓಯ್ತದಾ?"

"ನಿನ್ ಮದ್ವೆಗೇ ಕಳಿಸ್ತೀನಿ ಸುಮ್ಕಿರಮ್ಮಿ, ವಾಲಗದೋರಿಗ್ ಕೊಡೋ ಕಾಸು ಉಳೀತದೆ," ಎಂದರು ಮರಿತಾಯಮ್ಮ.

ಇಂದ್ರಾಣಿಗೆ ಇಪ್ಪತ್ತಮೂರು. ನರಸೀಪುರದಿಂದ ಅದೇ ಬಸ್ಸು, ಪಕ್ಕದ ಸೀಟು. ಐಟಿಐ ಫಿಟ್ಟರ್ ಮುಗಿಸಿದವಳು, ಅವಳ ಬೀದಿಯಲ್ಲಿ ಆ ಸರ್ಟಿಫಿಕೇಟ್ ತಂದ ಮೊದಲ ಹೆಣ್ಣುಮಗಳು. ಪ್ಯಾಕಿಂಗಿನಲ್ಲಿ ಎರಡು ವರ್ಷ ಕೆಲಸ ಮಾಡಿದ ಅನುಭವದ ಪತ್ರ ಸಿಕ್ಕರೆ ಎಲ್ಲಾದರೂ ಫಿಟ್ಟರ್ ಆಗಿಯೇ ಸೇರುತ್ತೇನೆಂದು ಕಾಯುತ್ತಿದ್ದಳು. ತುಟಿಯ ಕೆಲಸಕ್ಕೆ ಗಡಿಯಾರ ಹಿಡಿದವಳು ಅವಳೇ. ಮೊದಲನೆಯ ತುಟಿ ಎಪ್ಪತ್ತೆಂಟು ಸೆಕೆಂಡು ತೆಗೆದುಕೊಂಡಿತು. ರಬ್ಬರ್ ತೆಳುವಾದರೆ ಎಣ್ಣೆಗೆ ಅಂಟಿಕೊಂಡಿತು. ದಪ್ಪವಾದರೆ ತೆರೆಯಲೇ ಇಲ್ಲ. ತುಟಿಯನ್ನು ಓರೆಯಾಗಿ ಕತ್ತರಿಸಿ, ಸೀಳನ್ನು ಒಂದು ಅಕ್ಕಿಕಾಳಿನಷ್ಟು ಉದ್ದ ಮಾಡಿದ ಮೇಲೆ ಐವತ್ತನಾಲ್ಕಕ್ಕೆ ಬಂತು. ನಾಲ್ಕು ತಿಂಗಳು, ಇಪ್ಪತ್ತೊಂದು ತುಟಿ. ಕೊನೆಯದನ್ನು ಹಾಕಿದ ವಾಲ್ವನ್ನು ಶೆಡ್ಡಿನಲ್ಲಿ ಒಂದೂವರೆ ತಿಂಗಳು ಇಟ್ಟರು. ಕುಂಬಾರ ಹುಳು ಬಂತು, ಸುತ್ತಿತು, ಬಾಯಿ ಸಿಗದೆ ಪಕ್ಕದ ಕಿಟಕಿಗೆ ಮೆತ್ತಿತು.

ಆ ವರ್ಷದ ದೀಪಾವಳಿಗೆ ಮುಂಚೆ ಆ ತುಟಿಯನ್ನು ಫ್ಯಾಕ್ಟರಿಯ ಇಂಜಿನಿಯರಿಗೆ ತೋರಿಸಿದರು. ಆತ ಕೈಗೂ ತೆಗೆದುಕೊಳ್ಳಲಿಲ್ಲ. "ಇದು ರೈಲ್ವೆಯವ್ರ ಡ್ರಾಯಿಂಗಮ್ಮ. ನಾನೂ ನೀವೂ ಮುಟ್ಟೋ ಹಾಗಿಲ್ಲ. ಅಲ್ಲಿಡಿ," ಎಂದು ಡ್ರಾಯರ್ ತೋರಿಸಿದ. ಡ್ರಾಯಿಂಗನ್ನು ಕೇಳದೆ ಮುಟ್ಟಬಾರದು ಎನ್ನುವುದು ಸರಿ. ಕೇಳಬಹುದಿತ್ತಲ್ಲ? ರೈಲ್ವೆಗೆ ಒಂದು ಕಾಗದ ಬರೆಯುವುದಕ್ಕೆ ಆತನ ಕೈಗೇನಾಗಿತ್ತು? ಸಂಬಳ ತೆಗೆದುಕೊಳ್ಳುವುದೇ ಆ ಕೆಲಸಕ್ಕೆ. ಡ್ರಾಯಿಂಗಿನಲ್ಲಿ ಇಲ್ಲದ ನಾರು ಮಾತ್ರ ದಿನಾ ಅರವತ್ತನಾಲ್ಕು ತೂತಿಗೆ ಹೋಗುತ್ತಲೇ ಇತ್ತು, ಆತನ ಕಣ್ಣೆದುರಿಗೇ.

ಒಂದೂವರೆ ವರ್ಷದ ಮೇಲೆ, ಈ ವರ್ಷದ ಮೇ ತಿಂಗಳಲ್ಲಿ, ಮರಿತಾಯಮ್ಮ ಹೆದರಿದ್ದೇ ಆಯಿತು. ಒಂದು ವಾಲ್ವಿನ ನಾರಿನ ಬಾಲ ಲಾರಿಯಲ್ಲಿ ಉಜ್ಜಿ ಕಿತ್ತುಹೋಗಿತ್ತು. ಉಂಡೆ ಒಳಗೇ ಉಳಿಯಿತು. ಜೋಡಿಸಿದವರು ನೋಡಲಿಲ್ಲ. ವ್ಯಾಗನ್ನು ಗೊಬ್ಬರ ತುಂಬಿಕೊಂಡು ಹೊರಟಿತು, ಬ್ರೇಕು ಒಮ್ಮೆ ಹಿಡಿದದ್ದು ಬಿಡಲೇ ಇಲ್ಲ. ಹತ್ತಾರು ಮೈಲಿ ಚಕ್ರ ಉಜ್ಜಿಕೊಂಡು ಹೋಗಿ ಕೆಂಪಗೆ ಕಾದಿತ್ತು. ರೈಲ್ವೆ ಗೇಟಿನ ಗೇಟ್‌ಮ್ಯಾನ್ ಒಬ್ಬ ಹೊಗೆ ಕಂಡು ಕೆಂಪು ಬಾವುಟ ತೋರಿಸದೆ ಇದ್ದಿದ್ದರೆ ಏನಾಗುತ್ತಿತ್ತೋ. ಯಾರಿಗೂ ಏನೂ ಆಗಲಿಲ್ಲ, ನಾಲ್ಕು ಗಂಟೆ ರೈಲು ನಿಂತಿತು.

ವಾಲ್ವು ಬಿಚ್ಚಿದಾಗ ನಾರು ಸಿಕ್ಕಿತು. ಪ್ಯಾಕಿಂಗ್ ಚೀಟಿಯಲ್ಲಿ ಪ್ಯಾಕ್ ಮಾಡಿದವರ ಟೋಕನ್ ನಂಬರ್ ಹದಿನೇಳು. ಹದಿನೇಳು ಎಂದರೆ ಇಂದ್ರಾಣಿ.

ವಿಚಾರಣೆ ಮೂರು ದಿನ ನಡೆಯಿತು. ಮೊದಲ ದಿನವೇ ಸೂಪರ್‌ವೈಸರ್, "ನಾರು ಗೀರು ನಂಗೊತ್ತಿಲ್ಲ ಸಾ, ಈ ಉಡ್ಗೀರು ಏನೇನ್ ಮಾಡ್ತವೋ" ಎಂದುಬಿಟ್ಟ. ಎರಡು ವರ್ಷ ದಿನಾ ಚೀಲ ಎಣಿಸಿ ನಾರು ಹಂಚಿದ ಕೈ ಅದು. ಪ್ಯಾಕಿಂಗಿನ ಉಳಿದ ಹದಿನಾಲ್ಕು ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು, 'ನಾರು ತುರುಕಲು ಯಾರೂ ಹೇಳಿರಲಿಲ್ಲ' ಎಂದು ಬರೆದಿದ್ದ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಕೆಲಸ ಹೋಗುತ್ತದೆಂದು ಹೆದರಿ ಹಾಕಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಮೂರನೆಯ ದಿನ ಮರಿತಾಯಮ್ಮ, ಯಾರೂ ಕರೆಯದೆ, ಮ್ಯಾನೇಜರ್ ರೂಮಿಗೆ ಹೋದರು. ಬೆಂಚಿನ ಲೆಕ್ಕ ಬರೆಯುವ ಹಾಳೆಯ ಹಿಂದೆ ಅವರೇ ಬರೆದಿದ್ದರು: 'ನಾರು ಮೊದಲು ತುರುಕಿದವಳು ನಾನು. ಎಲ್ಲರೂ ತುರುಕಿ ಎಂದು ಹೇಳಿದವರು ಸೂಪರ್‌ವೈಸರ್. ಇಂದ್ರಾಣಿ ಹೇಳಿದ ಹಾಗೆ ಮಾಡಿದಳು.' ಕೆಳಗೆ ಹೆಸರು, ತಾರೀಕು.

ಮ್ಯಾನೇಜರ್ ಓದಿ ಮಡಿಚಿದರು. "ನಿಮ್ಮನ್ನ ಕೇಳಿದ್ಯಾರು? ನೀವು ಬೆಂಚಿನವ್ರು. ಪ್ಯಾಕಿಂಗ್ ವಿಷಯ ನಿಮಗ್ಯಾಕೆ?"

"ತಪ್ಪು ನಂದು ಸಾ. ನನ್ನ ತಪ್ಪಿಗೆ ಆ ಮಗೀನ್ಯಾಕೆ ಕಳಿಸ್ತೀರಾ? ಕಳ್ಸದಾದ್ರೆ ನನ್ ಕಳ್ಸಿ."

"ನಿಮ್ಮನ್ನ ಕಳಿಸಿದ್ರೆ ಬೆಂಚಲ್ಲಿ ನಿಲ್ಲೋರು ಯಾರಮ್ಮ?" ಎಂದು ಮ್ಯಾನೇಜರ್ ನಕ್ಕು, ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು.

ಹನ್ನೊಂದು ವರ್ಷ 'ಸಾಮಾನು ಎತ್ತಿಕೊಡುವ' ಹೆಂಗಸು ಆ ಗಳಿಗೆಯಲ್ಲಿ ಅವರಿಗೆ ಬೇಕೇಬೇಕಾದವಳಾದಳು. ಹೊಗಳುವುದಕ್ಕಲ್ಲ, ಖಾಯಂ ಮಾಡುವುದಕ್ಕಲ್ಲ, ನಿಜ ಹೇಳದಂತೆ ಬಾಯಿ ಮುಚ್ಚಿಸುವುದಕ್ಕೆ. ಮರಿತಾಯಮ್ಮನ ತಪ್ಪು ಒಪ್ಪಿದರೆ ಸೂಪರ್‌ವೈಸರನ ತಪ್ಪು ಒಪ್ಪಬೇಕು, ಅವನದು ಒಪ್ಪಿದರೆ ಡ್ರಾಯರಿನದೂ ಹೊರಗೆ ಬರಬೇಕು. ಎಲ್ಲಕ್ಕಿಂತ ಹಗುರವಾಗಿದ್ದದ್ದು ಇಪ್ಪತ್ತಮೂರು ವರ್ಷದ ಒಂದು ಹುಡುಗಿ.

ಅದೇ ವಾರ ಡ್ರಾಯರ್ ತೆರೆಯಿತು. ಇಂಜಿನಿಯರ್ ಆ ತುಟಿಯನ್ನು ತೆಗೆದು, ಅಳತೆ ಮಾಡಿ, ಗೆರೆ ಎಳೆದು, 'ಹುಳು ತಡೆಯುವ ಸುಧಾರಿತ ಬಾಯಿ' ಎಂದು ರೈಲ್ವೆಯ ಒಪ್ಪಿಗೆಗೆ ಕಳಿಸಿದ. ಮುಟ್ಟಬಾರದ ಡ್ರಾಯಿಂಗು ಮೂರೇ ದಿನಕ್ಕೆ ಮುಟ್ಟುವಂಥದ್ದಾಯಿತು. ತಯಾರಿಸಿದವರು ಎನ್ನುವ ಕಡೆ ಆತನ ಹೆಸರೊಂದೇ ಇದೆ.

ನಾನು ಈ ಲೇಖನದ ಮಾತು ತೆಗೆದಾಗ ಮರಿತಾಯಮ್ಮ ಬೆಂಚಿನಿಂದ ಬಂದು ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತಿದ್ದರು. ಉಗುರಿನ ಸಂದಿಯಲ್ಲಿ ಗ್ರೀಸು. ಎಲೆಮರೆಯ ಕಾಯಿ ಎಂದು ಪೇಪರಿನಲ್ಲಿ ಹಾಕುತ್ತಾರಂತೆ, ನಿಮ್ಮ ತುಟಿಯ ಸಂಗತಿ ಬರೆಯುತ್ತೇನೆ ಎಂದೆ.

"ತುಟಿ ಇಸ್ಯ ಬರ್ಕೊಳಿ, ಬುಡಿ, ಅದ್ರಾಗೇನು. ಅವ್ನ್ ಎಸ್ರೇ ಇರ್ಲಿ. ಗಾಳಿಗೇನ್ ಎಸ್ರು ಓದಕ್ ಬತ್ತದಾ? ಐವತ್ನಾಕಕ್ಕೆ ಬುಟ್ರೆ ಸಾಕು." ನನ್ನ ಕಡೆ ತಿರುಗಿದರು. "ಆದ್ರೆ ನಾರು ಮೊದ್ಲು ತುರುಕ್ದೋಳು ಮರಿತಾಯಮ್ಮ ಅಂತ ಬರೀಬೇಕು. ದೊಡ್ಡಕ್ಷರ್‌ದಾಗೆ. ಆ ಕಾಗ್ದಾನ ಅರ್ದಾಕುದ್ರು. ಪೇಪರ್ ಎಷ್ಟು ಅಂತ ಅರೀತಾರೆ? ಇಂದ್ರಾಣಿ ಅದನ್ನ ಕತ್ರಿಸ್ಕೊಂಡು ಎಲ್ಲಿಗ್ ಓದ್ರೂ ತೋರುಸ್ಲಿ. ಅಂಗ್ ಬರ್ಯಂಗಿದ್ರೆ ಬರೀರಿ. ಇಲ್ದಿದ್ರೆ ನನ್ ಸುದ್ದಿ ಬ್ಯಾಡ."

ನಿಮ್ಮ ಕೆಲಸ ಹೋಗುತ್ತದಲ್ಲ ತಾಯಿ, ಎಂದೆ.

"ಓಗ್ಲಿ ಬುಡಣ್ಣಯ್ಯ. ಪಂಪ್‌ಸೆಟ್ಟು ಇನ್ನೂ ಅವಲ್ಲ," ಎಂದು ಎದ್ದು, ಬಂದ ಬಸ್ಸು ಹತ್ತಿದರು.

ಬರೆದಿದ್ದೇನೆ. ನಾರು ಮೊದಲು ತುರುಕಿದವರು ಮರಿತಾಯಮ್ಮ. ತುರುಕಲು ಎಲ್ಲರಿಗೂ ಅಪ್ಪಣೆ ಮಾಡಿದವನು ಸೂಪರ್‌ವೈಸರ್. ಅದು ಬೇಡದಂತೆ ಮಾಡುವ ತುಟಿಯನ್ನು ಡ್ರಾಯರಿನಲ್ಲಿ ಒಂದೂವರೆ ವರ್ಷ ಇಟ್ಟವನು ಇಂಜಿನಿಯರ್. ಗೊತ್ತಿದ್ದೂ ಕಾಗದ ಹರಿದವರು ಮ್ಯಾನೇಜರ್. ಈ ನಾಲ್ವರೂ ಇವತ್ತು ಬೆಳಿಗ್ಗೆ ಆ ಗೇಟಿನೊಳಗೆ ಹೋಗಿದ್ದಾರೆ. ಅನುಭವದ ಪತ್ರವಿಲ್ಲದೆ, 'ನಿರ್ಲಕ್ಷ್ಯ' ಎಂದು ಬರೆದ ಒಂದು ಚೀಟಿ ಹಿಡಿದು ಹೊರಗೆ ಹೋದವಳು ಇಂದ್ರಾಣಿ, ಜೂನ್ ಹನ್ನೆರಡನೆಯ ತಾರೀಕು, ಗುರುವಾರ.