ಬೀಗದ ಸಾರ್ ಕಾರ್ಡು

ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅವರಿಗೆ ಬೀಗದ ಸಾರ್ ಎಂದೇ ಹೆಸರು. ರೋಗಿಗಳ ಗುಟ್ಟು ಹೊರಗೆ ಸೋರದಂತೆ ಕಾಯುವುದು ಅವರ ಕೆಲಸ. ಯಾರಾದರೂ ಕಂಪ್ಯೂಟರ್ ತೆರೆದಿಟ್ಟು ಕಾಫಿಗೆ ಹೋದರೆ, ಬರುವವರೆಗೆ ಅವರ ಕುರ್ಚಿಯಲ್ಲೇ ಗಟ್ಟಿಯಾಗಿ ಕೂತಿರುತ್ತಿದ್ದರು. ಕೀಬೋರ್ಡಿನಡಿ ಅಂಟಿಸಿದ ಪಾಸ್‌ವರ್ಡ್ ಚೀಟಿ ಸಿಕ್ಕರಂತೂ ಮುಗಿಯಿತು, ಮಂಗಳಾರತಿ. ಗುರುತಿನ ಕಾರ್ಡಿಲ್ಲದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. "ಮನೇಲಿ ಹೆಂಡ್ತೀಗೂ ಕಾರ್ಡ್ ತೋರ್ಸು ಅಂತಾರೇನೋ" ಎಂದು ಬೆನ್ನ ಹಿಂದೆ ಆಡಿಕೊಳ್ಳದವರಿಲ್ಲ. ವಿಭಾಗದ ಮುಂಬಾಗಿಲ ರಿಸೆಪ್ಷನಿಸ್ಟ್ ಕೂಡ ಬಾಯಿಗೆ ಸೆರಗು ಹಿಡಿದು ನಕ್ಕವಳೇ.

ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಎರಡೂ ಕೈಯಲ್ಲಿ ಪೆಟ್ಟಿಗೆ ಹೊತ್ತು ಬಂದಿದ್ದರು. ಪಾಪ ಎಂದು ಬಾಗಿಲು ತೆಗೆದಳು. ಪೆಟ್ಟಿಗೆ ಖಾಲಿ!

"ಕಾರ್ಡ್ ಕೇಳಿದ್ಯಾ?"

"ನೀವಲ್ವಾ ಸಾರ್..."

"ನಾನೇ ಬಂದ್ರೂ ಕಾರ್ಡಿಲ್ದೆ ಬಿಡಬಾರ್ದು. ಒಳಗಿರೋದು ನಮ್ಮ ಸ್ವತ್ತಲ್ಲಮ್ಮ, ಜನ ನಂಬಿ ಬಿಟ್ಟುಹೋಗಿದ್ದು."

ಅವಳು ಅತ್ತೇಬಿಟ್ಟಿದ್ದಳು. ಅವರ ಮಾತಿನ ತೂಕ ತಿಳಿದದ್ದು ಆಮೇಲೆ. ಯಾರೋ ತೆರೆದಿಟ್ಟು ಹೋದ ಕಂಪ್ಯೂಟರ್ ಪರದೆಯಿಂದ ಒಬ್ಬ ಹೆಣ್ಣುಮಗಳ ಕಾಯಿಲೆ ಬೀದಿಗೆ ಬಿತ್ತು. ಆ ರೋಗಿಯ ಕೆಲಸ ಹೋಯಿತು, ಬಾಡಿಗೆ ಮನೆಯೂ ಹೋಯಿತು. ಬೀಗದ ಸಾರ್ ಅವತ್ತು ಕೂಗಾಡಲಿಲ್ಲ. ಊಟದ ಡಬ್ಬಿ ಬಿಚ್ಚದೆ ಹಾಗೇ ಮನೆಗೆ ಒಯ್ದರು. ಅಂದಿನಿಂದ ಪರದೆ ಮುಚ್ಚದೆ ಯಾರೂ ಕುರ್ಚಿ ಬಿಟ್ಟೇಳಲಿಲ್ಲ.

ಅವರು ನಿವೃತ್ತರಾದ ಮೇಲೆ ಮರೆವು ಹತ್ತಿತಂತೆ ಎಂಬ ಸುದ್ದಿ ಬಂದಿತ್ತು. ಇವತ್ತು ಬೆಳಿಗ್ಗೆ ಅವರೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಗುಂಡಿ ಮಾತ್ರ ಏರುಪೇರು. ಕೊರಳಲ್ಲಿದ್ದ ಕಾರ್ಡನ್ನು ಯಂತ್ರಕ್ಕೆ ಒತ್ತಿದರು. ಕೆಂಪು ದೀಪ. ಮತ್ತೆ ಒತ್ತಿದರು. ಮತ್ತೆ ಕೆಂಪೇ.

"ಮಿಷನ್ ಕೆಟ್ಟಿದೆ. ಬಾಗ್ಲು ತೆಗಿಯಮ್ಮ."

ಅವಳು ಎದ್ದು ಬಂದು ಬಾಗಿಲ ಗಾಜಿನಾಚೆ ಅವರ ಕಾರ್ಡು ನೋಡಿದಳು. 'ಇವರಿಗೆ ಮರೆವಿದೆ. ಕಂಡವರು ದಯವಿಟ್ಟು ಫೋನ್ ಮಾಡಿ' ಎಂದು ಕೈಬರಹದಲ್ಲಿ ಬರೆದು, ಕೆಳಗೆ ಒಂದು ನಂಬರ್ ಕೊಟ್ಟಿತ್ತು.

"ಒಳಗೆ ಬಿಡೋಕಾಗಲ್ಲ ಸಾರ್" ಎಂದಳು.

"ನನ್ನ ಮೇಜು ಒಳಗಿದೆಯಲ್ಲಮ್ಮ" ಎಂದರು ಅವರು, ಮೆಲ್ಲಗೆ. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಒಂದು ಗಳಿಗೆ ಬಿಟ್ಟುಬಿಡೋಣ ಎನಿಸಿ ಕೈ ಬಾಗಿಲ ಗುಂಡಿಯವರೆಗೂ ಹೋಯಿತು. ಒತ್ತಲಿಲ್ಲ. ಆ ನಂಬರಿಗೆ ಫೋನ್ ಮಾಡಿ, ಹೊರಗೆ ಬಂದು ಮೆಟ್ಟಿಲ ಮೇಲೆ ಅವರ ಪಕ್ಕ ಕೂತಳು. ಬೆನ್ನ ಹಿಂದೆ ಬಾಗಿಲು ತಾನಾಗಿ ಬೀಗ ಹಾಕಿಕೊಂಡಿತು.

ಅವರ ಹೆಂಡತಿ ಏದುಸಿರು ಬಿಡುತ್ತಾ ಬಂದರು. "ಏಳಿ, ಮನೆಗೆ ಹೋಗೋಣ."

ಬೀಗದ ಸಾರ್ ಏಳಲಿಲ್ಲ. ರಿಸೆಪ್ಷನಿಸ್ಟ್ ಕಡೆ ಬಾಗಿ, "ಯಾರಮ್ಮ ಇವ್ರು? ವಿಚಾರಿಸಿದ್ಯಾ?" ಎಂದು ಕೇಳಿದರು.

ಆಕೆ ರೂಢಿಯಾದವರಂತೆ ಕೈಚೀಲದಿಂದ ದಾರ ಕಟ್ಟಿದ ಇನ್ನೊಂದು ಕಾರ್ಡು ತೆಗೆದು ಕೊರಳಿಗೆ ಹಾಕಿಕೊಂಡರು. ಅದರಲ್ಲಿ ಆಕೆಯದೇ ಫೋಟೋ, ಕೆಳಗೆ 'ಹೆಂಡತಿ' ಎಂಬ ಒಂದೇ ಪದ.

"ಇದಿಲ್ದಿದ್ರೆ ನನ್ನ ಕೈಲಿ ಊಟಾನೂ ತಗೊಳ್ಳಲ್ಲ ಕಣಮ್ಮ" ಎಂದರು.

ಬೀಗದ ಸಾರ್ ಆ ಕಾರ್ಡನ್ನು ಹತ್ತಿರ ಎಳೆದುಕೊಂಡು ಫೋಟೋ ನೋಡಿದರು, ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. "ಸರಿ ಇದೆ" ಎಂದು ಎದ್ದು ಆಕೆಯ ಹಿಂದೆ ನಡೆದರು.

ರಿಸೆಪ್ಷನಿಸ್ಟ್‌ಗೆ ಆ ಹಳೇ ಜೋಕು ನೆನಪಾಯಿತು. ತಾನು ನಕ್ಕಿದ್ದೂ.