ಟೆಂಟ್ ಸಿನಿಮಾದ ದೈತ್ಯನ ಪರವಾಗಿ

ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತ ತಪ್ಪಿದ್ದರೆ ಕ್ಷಮಿಸಿ. ನಿನ್ನೆ ಪಕ್ಕದ ಸೈಟಿಗೆ ಸುರಿದ ಒದ್ದೆ ಮರಳಿನ ವಾಸನೆಗೆ, ಚಿಕ್ಕಂದಿನಲ್ಲಿ ಮರಳ ಮೇಲೆ ಕೂತು ನೋಡುತ್ತಿದ್ದ ಯಲಹಂಕದ ಟೆಂಟ್ ಸಿನಿಮಾ ನೆನಪಾಯಿತು. ಇಂಗ್ಲಿಷ್ ಸಿನಿಮಾ ಬಂದರೆ ನನ್ನ ಸೋದರಮಾವ ಬೀಡಿ ಸೇದುತ್ತಾ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಅರ್ಧ ಅವರೇ ಕಟ್ಟಿದ್ದು.

ಒಂದು ರಾತ್ರಿ ಪರದೆಯ ಮೇಲೆ ಸಮುದ್ರದಿಂದ ಎದ್ದ ದೈತ್ಯ ಪ್ರಾಣಿಗೆ ಸೈನಿಕರು ಗುಂಡು ಹಾರಿಸುತ್ತಿದ್ದರು.

"ಊರು ನುಂಗಕ್ ಬಂದೈತೆ, ಹೊಡೀರ್ಲಾ!" ಎಂದರು ಮಾವ.

ನಾಲ್ಕು ಜನರೆದುರು ಬಾಯಿ ಬಿಡದ ನಾನು ಎದ್ದು ನಿಂತೆ. "ಸುಳ್ಳು ಮಾವ! ಮಲ್ಗಿದ್ದನ್ನ ಎಬ್ಬಿಸ್ದೋರೇ ಅವ್ರು. ಅದು ವಾಪಸ್ ಹೋಗಕ್ಕೆ ದಾರಿ ಹುಡುಕ್ತೈತೆ."

"ಕುಂತ್ಕೊಳ್ಳೇ, ರಾಕ್ಷಸನ ತಂಗಿ!"

ಟೆಂಟೆಲ್ಲ ನಕ್ಕಿತು. ನಾನು ಕೂರಲಿಲ್ಲ. ಪ್ರಾಣಿ ಬಿದ್ದಾಗ ಮಾವ ಮೆಲ್ಲಗೆ, "ಪಾಪ, ದಾರಿ ಸಿಗ್ಲಿಲ್ಲ" ಎಂದರು. ಯಾರೂ ಶಿಳ್ಳೆ ಹಾಕಲಿಲ್ಲ.

ಇಂದಿಗೂ ನಾನು ಅಂಥ ಪ್ರಾಣಿಗಳ ಪರವೇ. ಬೆಳಿಗ್ಗೆ ಮೊಮ್ಮಗಳು ಬರೆದ ಕೊಂಬಿನ ದೈತ್ಯನನ್ನು ಫ್ರಿಜ್ಜಿಗೆ ಅಂಟಿಸಿದೆ. ಸೊಸೆ ಕಿತ್ತಳು. ಮತ್ತೆ ಅಂಟಿಸಿದೆ.