ನೆನಪಿನ ನೋಟಿನಲ್ಲಿ ಅವ್ವನನ್ನು ಹುಡುಕಿದ್ದು

ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ಚಿತ್ರವಿರುವ ನೋಟೊಂದು ಬಂದಿದೆಯೆಂದು ನನಗೆ ಗೊತ್ತಾದದ್ದು ಮೊಬೈಲಿನಿಂದ. ಚಲಾವಣೆಯ ನೋಟಲ್ಲ. ಹಳೆಯ ನಾಣ್ಯ, ನೋಟು ಕೂಡಿಡುವವರು ತಮ್ಮ ಪ್ರದರ್ಶನಕ್ಕೆಂದು ಅಚ್ಚು ಹಾಕಿಸಿದ ನೆನಪಿನ ನೋಟು. ಬೆಲೆ ಇರಬೇಕಾದ ಜಾಗದಲ್ಲಿ ದೊಡ್ಡದೊಂದು ಸೊನ್ನೆ. ನಾನು ಲೈನಿಂಗ್ ಬಟ್ಟೆ ತರುವ ಶಿಕಾರಿಪುರದ ಅಂಗಡಿಯವರಿಗೂ ಆ ಹವ್ಯಾಸ; ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡಿದ್ದರು. ಗುಡಿಯ ಎಡಗಡೆ ಒಂದು ಕಪ್ಪು ಚುಕ್ಕಿ ಕಂಡಿತು. ಅದು ಅವ್ವನೇ ಎಂದು ಮನಸ್ಸು ಹೇಳಿಬಿಟ್ಟಿತು.

ಅವ್ವ ಆ ಗುಡಿಯ ಅಂಗಳದಲ್ಲಿ ವರ್ಷಗಟ್ಟಲೆ ದಿನಗೂಲಿಗೆ ಹುಲ್ಲು ಕೊಯ್ದವಳು. ಕೊಯ್ದದ್ದನ್ನು ಹೊರೆ ಕಟ್ಟಿ ಮನೆಯ ಕುರಿಗಳಿಗೆ ತರುತ್ತಿದ್ದಳು. ಯಾವತ್ತೋ ಒಂದು ಬೆಳಿಗ್ಗೆ ಕ್ಯಾಮೆರಾದವರು ಬಂದು, ತಾನು ಕೊಯ್ಯುತ್ತಿರುವಾಗಲೇ ಫೋಟೋ ತೆಗೆದರೆಂದು ಒಮ್ಮೆ ಹೇಳಿದ್ದಳು.

ಹೊಸಬಾಳೆಯ ನನ್ನ ಮನೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತರೂ ಕೈ ಫೋನಿಗೇ ಹೋಗುತ್ತಿತ್ತು. ದೊಡ್ಡದು ಮಾಡಿದಷ್ಟೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಗಂಡ ನೋಡಿ, ಕಂಬವೋ ನಾಯಿಯೋ ಇರಬೇಕೆಂದ. ಸಿಟ್ಟು ಬಂತು. ಯಾರದೋ ರವಿಕೆಗೆ ತೋಳು ಉಲ್ಟಾ ಹೊಲಿದೆ, ಬಿಚ್ಚಿದೆ, ಮತ್ತೆ ಉಲ್ಟಾ ಹೊಲಿದೆ. ಮೂರನೆಯ ದಿನ ಸೊರಬಕ್ಕೆ ಬಂದು ಶಿಕಾರಿಪುರದ ಬಸ್ ಹತ್ತಿದೆ. ಶಿರಾಳಕೊಪ್ಪದಲ್ಲಿ ಇಳಿದರೆ ತವರು ಹತ್ತಿರ. ಇಳಿಯಲಿಲ್ಲ. ನೋಟು ಕೈಯಲ್ಲಿ ಹಿಡಿದುಕೊಂಡೇ ಅವ್ವನ ಮುಂದೆ ನಿಲ್ಲಬೇಕಿತ್ತು.

ಅಂಗಡಿಯವರು ಪ್ಲಾಸ್ಟಿಕ್ ಕವರಿನಿಂದ ನೋಟು ತೆಗೆದು, ಜೊತೆಗೆ ಒಂದು ಭೂತಗನ್ನಡಿಯನ್ನೂ ಕೊಟ್ಟರು. ಆ ಚುಕ್ಕಿ ನಮ್ಮವ್ವ ಎಂದು ಅವರಿಗೆ ಹೇಳಿ ನಾನು ಬಹಳ ಹೊತ್ತು ನೋಡಿದೆ. ಕೊನೆಗೆ ಅವರೇ ಬಗ್ಗಿ ನೋಡಿ, “ಅದು ಶಾಸನದ ಕಲ್ಲು ರೀ. ನಿಮ್ಮವ್ವಾರಲ್ಲ,” ಅಂದರು. ನನ್ನ ಮುಖ ಹೇಗಾಗಿತ್ತೋ, ಕೂರಿಸಿ ನೀರು ಕೊಟ್ಟರು. ಅವರಲ್ಲಿ ಅಂಥವು ಎರಡಿದ್ದವು. ಒಂದನ್ನು ನನಗೇ ಇಟ್ಟುಕೊಳ್ಳಲು ಹೇಳಿದರು.

ಬಳ್ಳಿಗಾವಿಗೆ ಹೋದಾಗ ಅವ್ವ ಕುರಿಗಳನ್ನು ದೊಡ್ಡಿಗೆ ಹೊಡೆಯುತ್ತಿದ್ದಳು. ನೋಟು ಕೊಟ್ಟು, ನೀನಿರುತ್ತೀಯ ಅಂದುಕೊಂಡಿದ್ದೆ, ಇಲ್ಲ ಎಂದೆ. ಅವಳು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ನಾನಿದ್ದಿದ್ರೆ ಬಲಗಡೆ ಹಿಂಗಿರ್ತಿರ್ಲಿಲ್ಲ,” ಅಂದಳು.

ಆಗ ನನಗೂ ಕಂಡಿತು. ಗುಡಿಯ ಎಡಗಡೆ ಹುಲ್ಲು ನುಣ್ಣಗೆ ಕೊಯ್ದಾಗಿತ್ತು, ಬಲಗಡೆ ಮೊಣಕಾಲೆತ್ತರ ಹಾಗೇ ಇತ್ತು.

“ಅವತ್ತು ಕ್ಯಾಮೆರಾದವ್ರು ಇನ್ನೂ ತೆಗೀತಿರುವಾಗ್ಲೇ ಕುಡುಗೋಲು ಬಿಟ್ಟು ಅರ್ಧಕ್ಕೇ ಎದ್ದೆ. ನಿನ್ನ ಗಂಡ ಫೋನ್ ಮಾಡಿದ್ನಲ್ಲ, ಆಸ್ಪತ್ರೆಯಿಂದ.”

ನನ್ನ ಐದು ತಿಂಗಳ ಬಸಿರು ಇಳಿದುಹೋದ ದಿನ ಅದು. ಅವ್ವ ಮಂಚದ ಪಕ್ಕ ಬಂದು ನಿಂತಾಗ ಅವಳ ಸೆರಗಿಗೆಲ್ಲ ಹುಲ್ಲಿನ ಚೂರು ಅಂಟಿತ್ತು. ಇಷ್ಟು ತಡವಾಗಿ, ಅದೂ ಹೀಗೆ ಬರುವುದೇ ಎಂದು ನಾನು ಮುಖ ತಿರುಗಿಸಿದ್ದೆ. ಆಮೇಲೆ ಇಬ್ಬರೂ ಆ ದಿನದ ಮಾತೆತ್ತಿರಲಿಲ್ಲ. ಹೆಣ್ಣೋ ಗಂಡೋ ಎಂದೂ ನಾನು ಯಾರನ್ನೂ ಕೇಳಿರಲಿಲ್ಲ. ಈಗ ದೊಡ್ಡಿಯ ಬಾಗಿಲಲ್ಲಿ ನಿಂತು ಕೇಳಿದೆ.

“ಹೆಣ್ಣು,” ಅಂದಳು ಅವ್ವ. “ಬಟ್ಟೇಲಿ ಸುತ್ತಿ ನನ್ನ ಕೈಗೇ ಕೊಟ್ರು. ಹೇಳಿದ್ರೆ ನೀ ತಡ್ಕಂತೀಯೋ ಇಲ್ವೋ ಅಂತ ಸುಮ್ನಿದ್ದೆ.”

ಮಗು ಹೇಗಿತ್ತೆಂದು ಕೇಳಿದೆ. ಅವಳಿಗೆ ನೆನಪಿದ್ದಷ್ಟೂ ಹೇಳಿದಳು. ಹೊರಡುವ ಬಸ್ಸಿನ ಹೊತ್ತು ಮೀರಿತು, ನಾನು ಏಳಲಿಲ್ಲ. ಗಂಡನಿಗೆ ಫೋನ್ ಮಾಡಿ ನಾಳೆ ಬರುತ್ತೇನೆಂದೆ. ಏನಾಯಿತೆಂದು ಕೇಳಿದ. ಬಂದು ಹೇಳುತ್ತೇನೆ ಅಂದೆ. ಅವನಿಗೂ ಇದು ಗೊತ್ತಿತ್ತೇ ಎಂಬ ಪ್ರಶ್ನೆ ಅಷ್ಟರಲ್ಲಾಗಲೇ ಒಳಗೆ ಕೊರೆಯತೊಡಗಿತ್ತು.